ಅತ್ತೆ ಎಣಿಸಿದ ಹದಿನೇಳು ಬೂದು

ನಮ್ಮ ಅತ್ತೆಯ ಬಾಯಲ್ಲಿ ಹುಳುಕು ಹಲ್ಲು ಒಂದೂ ಇಲ್ಲ. ಅರವತ್ತು ದಾಟಿದ ಮೇಲೂ ಕಬ್ಬನ್ನು ಹಲ್ಲಿನಿಂದಲೇ ಸಿಗಿದು ತಿನ್ನುತ್ತಾರೆ. ಆದರೂ ಹೊನ್ನಾಳಿಯ ದಂತವೈದ್ಯರೊಬ್ಬರ ಬಳಿಗೆ ಕಳೆದ ಎರಡು ವರ್ಷದಲ್ಲಿ ಅವರಷ್ಟು ಸಲ ಹೋದವರು ಇಡೀ ತಾಲ್ಲೂಕಿನಲ್ಲಿ ಇನ್ನೊಬ್ಬರು ಸಿಗಲಾರರು! ಹೋಗುತ್ತಾರೆ, ಕಾಯುವ ಕೋಣೆಯ ಬೆಂಚಿನ ಮೇಲೆ ಕೂರುತ್ತಾರೆ, ಸರದಿ ಬಂದರೆ ಪಕ್ಕದವರಿಗೆ ಬಿಟ್ಟುಕೊಡುತ್ತಾರೆ, ಮುಕ್ಕಾಲು ಗಂಟೆ ಕಳೆದ ಮೇಲೆ ಎದ್ದು ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಾರೆ.

ಅಲ್ಲಿ ಹೆಸರು ಬರೆದುಕೊಳ್ಳುವ ಹುಡುಗಿ ಮೊದಮೊದಲು ಇವರನ್ನು ವಿಪರೀತ ಹೆದರುವ ರೋಗಿ ಎಂದುಕೊಂಡಿದ್ದಳಂತೆ.

"ನೋವೇನಾಗಲ್ಲ, ಒಳಗೆ ಬರ್ರಿ ಅಮ್ಮಾ," ಎಂದು ಕೈ ಹಿಡಿಯಲು ಹೋದಳು.

"ನನಗೆಲ್ಲಿ ನೋವೈತೆ? ನಾನು ಗೋಡೆ ನೋಡಾಕೆ ಬಂದೀನಿ," ಎಂದರು ಅತ್ತೆ.

ಗೋಡೆಯ ಮೇಲೇನಿದೆ? ಒಂದು ಕಪ್ಪುಬಿಳುಪು ಚಿತ್ರ. ಅಲ್ಲಾಡದ ನೀರು, ನೀರಿನ ನಡುವೆ ಒಂದು ಒಣ ಮರ, ಅದರ ಕೆಳಗೆ ನೀರಿನಲ್ಲಿ ಅದರದೇ ಪ್ರತಿಬಿಂಬ, ಹಿಂದೆ ಮಂಜಿನಲ್ಲಿ ಮುಳುಗಿದ ಗುಡ್ಡಗಳ ಸಾಲು. ಈ ಚಿತ್ರವನ್ನು ನೀವೂ ನೋಡಿದ್ದೀರಿ. ಇಲ್ಲವೆನ್ನಬೇಡಿ. ಸೋಫಾ ಮಾರುವಲ್ಲಿ, ಲಾಡ್ಜಿನಲ್ಲಿ, ಹೊಸ ಮನೆಯ ಟಿವಿ ಪಕ್ಕದಲ್ಲಿ, ಕೊನೆಗೆ ಯಾರದೋ ಮೊಬೈಲಿನ ಹಿಂಬದಿಯ ಕವಚದ ಮೇಲಾದರೂ ನೋಡೇ ಇದ್ದೀರಿ. ಗೋಡೆಗೆ ಏನಾದರೂ ಹಾಕಬೇಕು, ದೇವರ ಪಟ ಬೇಡ, ಕ್ಯಾಲೆಂಡರು ಹಳೆಯದಾಯಿತು ಎನ್ನುವ ಎಲ್ಲರೂ ಈಗ ಹಾಕುವುದು ಇದನ್ನೇ.

ಇಷ್ಟು ಸಾಮಾನ್ಯವಾದ ಚಿತ್ರಕ್ಕಾಗಿ ಚನ್ನಗಿರಿಯಿಂದ ಹೊನ್ನಾಳಿಗೆ ಬಸ್ಸು ಹತ್ತುವುದೇ? ಹಾಗೆಂದು ನೀವು ಕೇಳುವ ಮೊದಲು ನಮ್ಮ ಮನೆಯವರೆಲ್ಲ ಕೇಳಿಯಾಗಿದೆ. ಮಾವ, ಅಂದರೆ ಅತ್ತೆಯ ಗಂಡ, ಒಂದು ದಿನ ಊಟದ ನಡುವೆ ಬೇಸರದಿಂದಲೇ ಹೇಳಿದರು: "ಮದುವೆ ಆಗಿ ನಲವತ್ತೆರಡು ವರ್ಷ ಆತು. ನನ್ನ ಮುಖ ಒಂದಿನಾನೂ ಇವಳು ಮುಕ್ಕಾಲು ಗಂಟೆ ನೋಡಿಲ್ಲ."

"ನಿಮ್ಮ ಮುಖದಾಗೆ ನೋಡಾಕೆ ಎಷ್ಟದಾವೆ? ಮೀಸೆ ಒಂದು ಬಣ್ಣ, ಮಿಕ್ಕಿದ್ದೆಲ್ಲ ಒಂದು ಬಣ್ಣ. ಎರಡಕ್ಕೆ ಮುಗೀತು," ಎಂದರು ಅತ್ತೆ, ಸಾರು ಬಡಿಸುತ್ತ.

ಬಣ್ಣದ ಮಾತಿನಲ್ಲಿ ಅತ್ತೆಗೆ ಎದುರಾಡುವವರು ಚನ್ನಗಿರಿಯಲ್ಲಿ ಇಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರದೊಂದು ಮ್ಯಾಚಿಂಗ್ ಸೆಂಟರ್. ಸೀರೆಗೆ ಹೊಂದುವ ಬ್ಲೌಸ್ ಪೀಸು, ಫಾಲ್ಸು, ದಾರ, ಲಂಗದ ಬಟ್ಟೆ, ಇವಿಷ್ಟೇ ವ್ಯಾಪಾರ. ಹತ್ತಡಿ ಅಗಲದ ಅಂಗಡಿಯಲ್ಲಿ ನೆಲದಿಂದ ಸೂರಿನವರೆಗೆ ಬಣ್ಣ. ರಾಮಾ ಗ್ರೀನ್ ಬೇರೆ, ಬಾಟಲ್ ಗ್ರೀನ್ ಬೇರೆ. ಈರುಳ್ಳಿ ಬಣ್ಣ ಬೇರೆ, ಈರುಳ್ಳಿ ಸಿಪ್ಪೆಯ ಬಣ್ಣ ಬೇರೆ. ಇವುಗಳ ನಡುವೆ ವ್ಯತ್ಯಾಸವೇ ಇಲ್ಲವೆಂದು ಒಮ್ಮೆ ಹೇಳಿ ನಾನು ಒಂದು ವಾರ ಅತ್ತೆಯ ಮಾತಿಗೆ ಎರವಾಗಿದ್ದೆ.

ಇಂಥ ಅಂಗಡಿಗಳಲ್ಲಿ ಒಂದು ಪದ್ಧತಿ ಇದೆ. ಒಳಗೆ ಟ್ಯೂಬ್‌ಲೈಟಿನಲ್ಲಿ ಬಣ್ಣ ಸರಿಯಾಗಿ ತಿಳಿಯುವುದಿಲ್ಲವೆಂದು ಹೆಂಗಸರು ಸೀರೆಯನ್ನೂ ಬಟ್ಟೆಯನ್ನೂ ಹಿಡಿದುಕೊಂಡು ರಸ್ತೆಗೆ ಬಂದು, ಬಿಸಿಲಿಗೆ ಹಿಡಿದು, ಹೋಗುವ ಬರುವ ಬೈಕಿನವರನ್ನೆಲ್ಲ ನಿಲ್ಲಿಸಿ ಹೊಂದಿಸಿ ನೋಡುತ್ತಾರೆ. ಊರಿನ ಎಲ್ಲ ಮ್ಯಾಚಿಂಗ್ ಸೆಂಟರುಗಳ ಮುಂದೆಯೂ ಈ ನೋಟ ಇದ್ದದ್ದೇ. ಅತ್ತೆಯ ಅಂಗಡಿಯ ಮುಂದೆ ಮಾತ್ರ ಇಲ್ಲ. ಅವರು ಸೀರೆಯ ಅಂಚನ್ನು ಒಂದು ಸಲ ನೋಡಿ, ಹಿಂದೆ ತಿರುಗದೆ ಕೈ ಚಾಚಿ ಎಳೆದ ಬಟ್ಟೆ ಅದೇ ಬಣ್ಣದ್ದಾಗಿರುತ್ತದೆ. ಯಾರಾದರೂ ಹೊಸಬರು ಬಾಗಿಲ ಕಡೆ ಹೆಜ್ಜೆ ಇಟ್ಟರೆ, "ಬಿಸಿಲು ನನ್ನ ಕಣ್ಣಾಗೇ ಐತೆ, ಕೂತ್ಕಳ್ರಿ," ಎನ್ನುತ್ತಾರೆ. ನಲವತ್ತು ವರ್ಷದಲ್ಲಿ ಒಬ್ಬರೂ ಅವರ ಬಟ್ಟೆಯನ್ನು ಬಿಸಿಲಿಗೆ ಹಿಡಿದಿರಲಿಲ್ಲ. ಅತ್ತೆಗೆ ಇರುವ ಆಸ್ತಿ, ಅಂತಸ್ತು, ಜಂಬ ಎಲ್ಲ ಇದೊಂದೇ.

ಹೊನ್ನಾಳಿಯ ಆ ಗೋಡೆಯನ್ನು ಅತ್ತೆಗೆ ತೋರಿಸಿದವಳು ನಾನೇ, ಅಂದರೆ ನನ್ನ ಹಲ್ಲು. ಚನ್ನಗಿರಿಯಲ್ಲೂ ದಂತವೈದ್ಯರಿದ್ದಾರೆ. ಆದರೆ ನಾನು ಇಲ್ಲಿನ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ನನ್ನ ವಿದ್ಯಾರ್ಥಿಯೊಬ್ಬನ ತಂದೆಯೇ ಆದ ಅವರ ಮುಂದೆ ಬಾಯಿ ತೆರೆದುಕೊಂಡು ಮಲಗಲು ನನಗೆ ಇಷ್ಟವಿರಲಿಲ್ಲ. ಯಾರಿಗೂ ನನ್ನ ಗುರುತಿಲ್ಲದ ಊರಿಗೆ ಹೋಗಿ ಹಲ್ಲು ಕೀಳಿಸಿಕೊಂಡು ಬರೋಣವೆಂದು ಅತ್ತೆಯನ್ನು ಜೊತೆಗೆ ಕರೆದುಕೊಂಡು ಹೋದೆ. ನಾನು ಒಳಗೆ ಹೋಗಿ, ಒಂದು ಹಲ್ಲು ಕಡಿಮೆಯಾಗಿ ಹೊರಗೆ ಬಂದಾಗ ಅತ್ತೆ ಕೂತಲ್ಲೇ ಕೂತಿದ್ದರು. ನನ್ನ ಊದಿದ ಕೆನ್ನೆಯನ್ನು ಅವರು ವಿಚಾರಿಸಲಿಲ್ಲ.

"ಇದ್ರಾಗೆ ಎಷ್ಟದಾವೆ ಹೇಳು ನೋಡಾಣ," ಎಂದರು.

"ಎರಡು. ಕಪ್ಪು, ಬಿಳಿ," ಎಂದೆ, ಹತ್ತಿಯ ನಡುವಿನಿಂದ.

"ಎಂಥ ಓದು ಓದಿದೀಯೇ ನೀನು. ಕಪ್ಪು ಒಂದೂ ಇಲ್ಲ, ಬಿಳೀನೂ ಇಲ್ಲ. ಎಲ್ಲ ಬೂದು. ಹದಿನೇಳು ಬೂದು ಅದಾವೆ."

ನಂತರ ಬೆರಳು ತೋರಿಸುತ್ತ ಹೆಸರು ಹೇಳಿದರು. ಆಕಾಶದ ಅಂಚು ಅಕ್ಕಿ ತೊಳೆದ ನೀರು. ಮಂಜು ವಿಭೂತಿ. ಮೊದಲ ಗುಡ್ಡ ಪಾರಿವಾಳದ ರೆಕ್ಕೆ, ಅದರ ಮುಂದಿನದು ಒಲೆಯ ಬೂದಿ, ಇನ್ನೂ ಈಚಿನದು ಸ್ಲೇಟು. ಮರದ ಕಾಂಡ ಎಮ್ಮೆ. ನೀರಿಗೆ ತಾಗುವ ಬುಡ, ಹೊಂಡದಿಂದ ಈಗಷ್ಟೇ ಎದ್ದ ಎಮ್ಮೆ. ಹೀಗೆ ಹದಿನೇಳು! ಕಾಯುತ್ತಿದ್ದ ಇಬ್ಬರು ರೋಗಿಗಳು ನೋವು ಮರೆತು ಎದ್ದು ಬಂದು ಎಮ್ಮೆಯನ್ನು ಹುಡುಕತೊಡಗಿದರು.

ನನಗೆ ನಾಚಿಕೆಯಾಯಿತು. ಬಸ್ಸಿನಲ್ಲಿ ಹೇಳಿದೆ: "ಅತ್ತೆ, ಇಂಥವು ಎಲ್ಲಾ ಕಡೆ ಸಿಗ್ತಾವೆ. ಸಾವಿರಗಟ್ಟಲೆ ಅಚ್ಚು ಹಾಕಿ ಮಾರ್ತಾರೆ."

"ಇಳಕಲ್ ಸೀರೇನೂ ಎಲ್ಲಾ ಕಡೆ ಸಿಗ್ತೈತೆ. ಅದಕ್ಕೆ ಯಾರಾದ್ರೂ ಉಡಾದು ಬಿಟ್ಟಾರೇನು?"

ನಾನು ಊದಿದ ಕೆನ್ನೆಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡೆ.

ಇಲ್ಲಿ ನನ್ನದೊಂದು ಗುಟ್ಟು ಹೇಳಬೇಕು. ವಿಶ್ವವಿದ್ಯಾಲಯದಲ್ಲಿ ಓದುವಾಗ ಒಂದು ಹಳೆಯ ಕ್ಯಾಮೆರಾ ಕೊಂಡು ನಾನೂ ಕಪ್ಪುಬಿಳುಪಿನಲ್ಲಿ ಕೆರೆ, ಗುಡ್ಡ, ಬಯಲುಗಳ ಚಿತ್ರ ತೆಗೆಯುತ್ತಿದ್ದೆ. ಆಮೇಲೆ ಏನಾಯಿತು? ಎಲ್ಲರ ಮೊಬೈಲಿನಲ್ಲೂ ಒಂದು ಗುಂಡಿ ಬಂತು. ಒತ್ತಿದರೆ ಸಾಕು, ಯಾರ ಹೊಲವಾದರೂ ಕಪ್ಪುಬಿಳುಪು, ಯಾರ ದನವಾದರೂ ಗಂಭೀರ! ಚಿತ್ರದ ಕೆಳಗೆ ಬದುಕಿನ ಬಗ್ಗೆ ಒಂದು ಸಾಲು ಬೇರೆ. ಇಷ್ಟು ಜನ ಮಾಡುವುದನ್ನು ನಾನು ಏಕೆ ಮಾಡಬೇಕೆಂದು ಕ್ಯಾಮೆರಾವನ್ನು ಬೀರುವಿಗೆ ಸೇರಿಸಿದೆ. ತೆಗೆದ ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ 'ಹಳೆಯ ಪ್ರಶ್ನೆಪತ್ರಿಕೆಗಳು' ಎಂಬ ಫೋಲ್ಡರಿನೊಳಗೆ ಇಟ್ಟೆ. ಆ ಹೆಸರಿದ್ದರೆ ಯಾರೂ ತೆರೆಯುವುದಿಲ್ಲ. ನಮ್ಮ ಮನೆಯಲ್ಲಿ ಒಬ್ಬರಿಗೂ ಅವುಗಳ ವಿಷಯ ಗೊತ್ತಿರಲಿಲ್ಲ. ಹಾಗಾಗಿ ಅತ್ತೆ ಅಂಗಡಿಯಲ್ಲಿ ಮಾರುವ ಚಿತ್ರವೊಂದರ ಮುಂದೆ ಮೈಮರೆತಾಗ ನನಗೆ ಆದದ್ದು ಬರೀ ನಾಚಿಕೆಯಲ್ಲ, ಸ್ವಲ್ಪ ಹೊಟ್ಟೆಕಿಚ್ಚೂ ಹೌದು.

ಅದೇ ಚಿತ್ರ ನ್ಯಾಮತಿಯಲ್ಲೂ ಸಿಕ್ಕಿತು, ಒಂದು ಫರ್ನಿಚರ್ ಅಂಗಡಿಯಲ್ಲಿ. ಅತ್ತೆ ಅದರ ಎದುರಿನ ಸೋಫಾದಲ್ಲಿ ಕೂತರು. ಮಾಲೀಕರು ಸಹಜವಾಗಿಯೇ ಸೋಫಾದ ಗುಣಗಾನ ಶುರುಮಾಡಿದರು. ಅತ್ತೆ ಎಲ್ಲಕ್ಕೂ ತಲೆಯಾಡಿಸಿ, ನಡುವೆ ಅಡ್ಡ ಬರುತ್ತಿದ್ದ ಡ್ರೆಸ್ಸಿಂಗ್ ಟೇಬಲ್ಲನ್ನು ಪಕ್ಕಕ್ಕೆ ಸರಿಸಲು ಹೇಳಿದರು. ಅವರು ಸರಿಸಿದರು. ಆಮೇಲೆ ಒಂದು ಮಂಚವನ್ನೂ ಸರಿಸಿದರು.

"ಹೆಂಗೈತೆ ಅಮ್ಮಾ, ಪ್ಯಾಕ್ ಮಾಡಿಸ್ಲೇನು?"

"ಭಾಳ ಚೆನ್ನಾಗೈತೆ. ಹಂಗೇ ಇರ್ಲಿ, ತೆಗೀಬೇಡ್ರಿ. ಮುಂದಿನ ತಿಂಗಳು ಮತ್ತೆ ಬರ್ತೀನಿ," ಎಂದು ಎದ್ದರು. ಮಾಲೀಕರು ಆ ಸೋಫಾದ ಮೇಲೆ ಬೇರೆಯವರನ್ನು ಕೂರಲು ಬಿಡದೆ ಒಂದು ತಿಂಗಳು ಕಾದರಂತೆ.

ಒಂದು ಚಿತ್ರವನ್ನು ಕೊಂಡು ಮನೆಯಲ್ಲೇ ತೂಗುಹಾಕಬಾರದೇ? ನಾನೂ ಕೇಳಿದೆ. "ದಿನಾ ನೋಡಿದ್ರೆ ಕಣ್ಣು ಕಲ್ತುಬಿಡ್ತೈತೆ. ಆಮೇಲೆ ನೋಡದೇನೇ ಹೇಳ್ತೈತೆ," ಎಂದರು. ನಾನು ಇದನ್ನು ಕಲೆಯ ಬಗೆಗಿನ ದೊಡ್ಡ ಮಾತೆಂದು ತಿಳಿದು ಬೆರಗಾದೆ. ಚನ್ನಗಿರಿಯ ಹೊಸ ಬೇಕರಿಯಲ್ಲೂ ಅದೇ ಚಿತ್ರ ಇತ್ತು. "ಅದು ಬ್ಯಾಡ. ಗಾಜಿನ ಮೇಲೆ ಲೈಟ್ ಬಿದ್ದು ಅರ್ಧ ಚಿತ್ರ ಲೈಟೇ ಆಗೈತೆ," ಎಂದು ತಳ್ಳಿಹಾಕಿದರು.

ನನ್ನ ಜಂಬ ಇಳಿದದ್ದು ಜಗಳೂರಿನಲ್ಲಿ. ಸಂಬಂಧಿಕರ ಗೃಹಪ್ರವೇಶಕ್ಕೆಂದು ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೋಗಿದ್ದೆವು. ಬಸ್ಸು ಹತ್ತುವಾಗಲೇ ಅತ್ತೆ ಗೊಣಗಿದ್ದರು: "ಗೃಹಪ್ರವೇಶಕ್ಕೆ ಹೋಗಾಕೆ ಕರೀ ಕುರ್ತಾನೇ ಬೇಕಿತ್ತೇನೆ ನಿನಗೆ?" ನಾನು ಹಾಕಿದ್ದು ಕಡುನೀಲಿ. ಚುಡಾಯಿಸುತ್ತಿದ್ದಾರೆ ಎಂದುಕೊಂಡು ಸುಮ್ಮನಾದೆ. ಹಿರಿಯರನ್ನು ತಿದ್ದುವುದು ನನ್ನ ಸ್ವಭಾವವಲ್ಲ. ನಿಜ ಹೇಳಬೇಕೆಂದರೆ ಯಾರನ್ನೂ ತಿದ್ದುವುದಿಲ್ಲ, ಉತ್ತರಪತ್ರಿಕೆಗಳ ಹೊರತು.

ಹಿಂತಿರುಗುವಾಗ ಜಗಳೂರಿನ ಒಂದು ಹೋಟೆಲಿಗೆ ಹೊಕ್ಕೆವು. ಕೈ ತೊಳೆಯುವ ಬೇಸಿನ್ನಿನ ಮೇಲೆ ಅದೇ ಮರ, ಅದೇ ನೀರು! ಅತ್ತೆ ಕೈ ತೊಳೆಯಲು ಹೋದವರು ಅಲ್ಲೇ ನಿಂತುಬಿಟ್ಟರು. ಹಿಂದೆ ಸಾಂಬಾರಿನ ಕೈ ಎತ್ತಿಕೊಂಡ ಏಳೆಂಟು ಜನರ ಸಾಲು ಬೆಳೆಯಿತು.

"ಯಜಮಾನ್ರೇ, ಈ ಪಟ ತಲೆಕೆಳಗಾಗೈತೆ," ಎಂದರು ಅತ್ತೆ.

ಗಲ್ಲಾದಲ್ಲಿದ್ದವರು ಅಲ್ಲಿಂದಲೇ ನಕ್ಕರು. "ಎರಡು ವರ್ಷದಿಂದ ಹಂಗೇ ಐತ್ರೀ. ಮ್ಯಾಲೂ ಮರ, ಕೆಳಗೂ ಮರ. ಹೆಂಗ್ ಹಾಕಿದ್ರೂ ಒಂದೇ."

"ಒಂದೇ ಅಲ್ರೀ. ನೀರಾಗಿನ ಮರ ಒಂದ್ ಚೂರು ಮಬ್ಬಿರ್ತೈತೆ. ಇಲ್ಲಿ ಮಬ್ಬಾಗಿರೋದು ಮ್ಯಾಲೈತೆ. ಅಂದ್ರೆ ನೀರು ಮ್ಯಾಲೈತೆ."

ಕೈ ಒಣಗುತ್ತಿದ್ದವರೆಲ್ಲ ಸೇರಿ ಪಟ ಇಳಿಸಿದರು. ಹಿಂಬದಿಯಲ್ಲಿ 'ಈ ಭಾಗ ಮೇಲೆ' ಎಂಬ ಬಾಣದ ಗುರುತಿತ್ತು, ಕೆಳಮುಖವಾಗಿ. ನನ್ನ ಸ್ಥಿತಿ ಏನಾಗಿರಬೇಕು ಊಹಿಸಿ. ನೀರಿನ ಮೇಲೆ ಬಿದ್ದ ಬೆಳಕಿನಲ್ಲಿ ಒಂದು ಪಾಲು ಮಾತ್ರ ನಮ್ಮ ಕಡೆಗೆ ಮರಳುತ್ತದೆ, ಆದ್ದರಿಂದ ಪ್ರತಿಬಿಂಬ ಮಂಕಾಗಿರುತ್ತದೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡುವವಳು ನಾನು. ಅದೇ ಬೇಸಿನ್ನಿನಲ್ಲಿ ನಾನೂ ಕೈ ತೊಳೆದಿದ್ದೆ. ಎಲ್ಲರ ಗೋಡೆಯಲ್ಲೂ ಇದೆಯೆಂದು ನಾನು ಆ ಚಿತ್ರವನ್ನು ನೋಡಿರಲೇ ಇಲ್ಲ. ಅಷ್ಟು ಗೋಡೆಗಳ ಮೇಲಿದ್ದರೂ ಅದನ್ನು ಅತ್ತೆಯೊಬ್ಬರೇ ನೋಡಿದ್ದರು. ಅಗ್ಗವಾಗಿದ್ದದ್ದು ಚಿತ್ರವಲ್ಲ, ನನ್ನ ನೋಟ.

ಮನೆಗೆ ಬಂದು ಬಾಗಿಲು ಹಾಕಿಕೊಂಡು 'ಹಳೆಯ ಪ್ರಶ್ನೆಪತ್ರಿಕೆಗಳು' ತೆರೆದು ಎಣಿಸಿದೆ. ಹೆಚ್ಚಿನವುಗಳಲ್ಲಿ ಆರೋ ಏಳೋ ಬೂದು ಇದ್ದವು. ಒಂದರಲ್ಲಿ ಮಾತ್ರ ನನಗೇ ಲೆಕ್ಕ ತಪ್ಪಿತು.

ಇದಾಗಿ ಕೆಲವು ತಿಂಗಳ ಮೇಲೆ, ಕಾಲೇಜು ಮುಗಿಸಿ ಅತ್ತೆಯ ಅಂಗಡಿಯಲ್ಲಿ ಕೂತಿದ್ದೆ. ತಾಯಿ ಮಗಳು ಬಂದರು. ಮಗಳ ನಿಶ್ಚಿತಾರ್ಥಕ್ಕೆ ಕಡುನೀಲಿ ರೇಷ್ಮೆ ಸೀರೆ. ಅದಕ್ಕೆ ಬ್ಲೌಸ್ ಪೀಸು ಬೇಕಿತ್ತು. ಅತ್ತೆ ಎಂದಿನಂತೆ ಅಂಚು ನೋಡಿದರು, ಹಿಂದೆ ತಿರುಗದೆ ಕೈ ಚಾಚಿದರು, ಬಟ್ಟೆ ಎಳೆದು ಮುಂದಿಟ್ಟರು. ತಾಯಿ ಅದನ್ನು ನೋಡಿದರು, ಮಗಳ ಮುಖ ನೋಡಿದರು, ಎರಡನ್ನೂ ಎತ್ತಿಕೊಂಡು ಹೊಸ್ತಿಲು ದಾಟಿ ಬಿಸಿಲಿಗೆ ಹೋದರು.

ಮೂಲೆಯಲ್ಲಿ ಸೀರೆಗೆ ಫಾಲ್ಸು ಹೊಲಿಯುತ್ತಿದ್ದವನು ಯಂತ್ರ ನಿಲ್ಲಿಸಿ ಬಾಗಿಲ ಕಡೆ ನೋಡಿದ.

ಆಕೆ ಹಿಂತಿರುಗಿ ಬಂದು ಬಟ್ಟೆಯನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟರು. "ಅಕ್ಕಾ, ಇದು ನೀಲಿ ಅಲ್ಲ. ಕರೀದು. ನಿಶ್ಚಿತಾರ್ಥಕ್ಕೆ ಕರೀದು ಹೆಂಗೆ ಹಾಕಾಕಾಗ್ತೈತೆ?"

ಅತ್ತೆ ಎದ್ದು ಒಳಗಿನ ದಾರದ ಬೀರುವಿನ ಹತ್ತಿರ ಹೋಗಿ ನಿಂತರು. ನಾನೇ ನೀಲಿ ಹುಡುಕಿ ಕೊಟ್ಟು ಅವರನ್ನು ಕಳಿಸಿದೆ.

ಆ ಬೀರುವಿನ ಬಾಗಿಲಿನ ಒಳಮೈಯಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಒಂದಿಷ್ಟು ಅಂಕಿಗಳಿದ್ದವು. ನಾನು ಬಹಳ ದಿನದಿಂದ ನೋಡಿದ್ದೆ. ಹೊ 17. ಹೊ 16, ನ್ಯಾ 16. ಹೊ 15, ನ್ಯಾ 15, ಜ 15. ಆಮೇಲೆ 13. ಕೊನೆಯದು ಹೊ 12. ಯಾರದೋ ಅಳತೆ ಇರಬೇಕು, ಪಾಪ, ತಿಂಗಳಿಂದ ತಿಂಗಳಿಗೆ ಬಡಕಲಾಗುತ್ತಿದ್ದಾರೆ ಎಂದು ನಗಾಡಿದ್ದೂ ಉಂಟು. ಆ ಸಂಜೆ ಅತ್ತೆಯ ಬೆನ್ನ ಹಿಂದೆ ನಿಂತು ಓದಿದಾಗ ತಿಳಿಯಿತು. ಹೊನ್ನಾಳಿ, ನ್ಯಾಮತಿ, ಜಗಳೂರು.

ಮರುದಿನ ಅಂಗಡಿ ತೆರೆಯಲಿಲ್ಲ. ಅತ್ತೆ ಮೊದಲ ಬಸ್ಸಿಗೆ ಹೊನ್ನಾಳಿಗೆ ಹೊರಟರು. ನಾನು ರಜೆ ಹಾಕಿ ಜೊತೆಗೆ ಹೋದೆ. ದಂತವೈದ್ಯರ ಬೆಂಚಿನ ಮೇಲೆ ಕೂತು ಅವರು ಬಹಳ ಹೊತ್ತು ನೋಡಿದರು, ಬೆರಳು ಮಡಚಿದರು, ಬಿಚ್ಚಿದರು.

"ಹನ್ನೊಂದು," ಎಂದರು. ನಂತರ ನನ್ನ ಕಡೆ ತಿರುಗದೆ ಹೇಳಿದರು: "ಮೊದಲ್ನೇ ಸಲ ಬರೀ ಚಂದ ಐತೆ ಅಂತ ನೋಡಿದೆ. ಎರಡ್ನೇ ಸಲ ಬಂದಾಗ ಒಂದು ಕಮ್ಮಿ ಆಗಿತ್ತು. ಮೋಡ ಐತೆ, ಬೆಳಕು ಸಾಲ್ದು ಅನ್ಕಂಡೆ. ನ್ಯಾಮತೀಲಿ ನೋಡಿದ್ರೆ ಅಲ್ಲೂ ಒಂದು ಕಮ್ಮಿ. ಜಗಳೂರಾಗೂ ಕಮ್ಮಿ. ಮೂರೂರಾಗೆ ಚಿತ್ರ ಒಂದೇ ಅಲ್ಲೇನೆ? ಮೂರೂ ಕಡೆ ಒಟ್ಟಿಗೆ ಬೆಳಕು ಕಮ್ಮಿ ಆಗ್ತೈತೇನು? ಕಮ್ಮಿ ಆಗ್ತಿರೋದು ನನ್ನ ಕಣ್ಣು."

ಯಾವ ಪ್ರಯೋಗಾಲಯವೂ ಒಪ್ಪಬಹುದಾದ ವಿಧಾನ ಅದು. ಸಾವಿರಗಟ್ಟಲೆ ಅಚ್ಚಾದದ್ದೆಂದು ನಾನು ಮೂಗು ಮುರಿದಿದ್ದೆನಲ್ಲ, ಊರಿಂದೂರಿಗೆ ಬದಲಾಗದ ಆ ಚಿತ್ರವೇ ಅತ್ತೆಗೆ ಅಳತೆಗೋಲಾಗಿತ್ತು. ಮನೆಯಲ್ಲಿಟ್ಟರೆ ಕಣ್ಣು ಕಲಿತುಬಿಡುತ್ತದೆ ಎಂದದ್ದೂ ಈಗ ಅರ್ಥವಾಯಿತು: ಕಾಣದ ಬೂದನ್ನೂ ನೆನಪಿನಿಂದಲೇ ಎಣಿಸಿಬಿಡುತ್ತಿತ್ತು.

ಅಷ್ಟರಲ್ಲಿ ದಂತವೈದ್ಯರು ಹೊರಗೆ ಬಂದರು. ಎರಡು ವರ್ಷದಲ್ಲಿ ಮೊದಲ ಸಲ ತಮ್ಮ ಅತ್ಯಂತ ನಿಷ್ಠಾವಂತ ರೋಗಿಯ ಮುಖಕ್ಕೆ ಟಾರ್ಚು ಹಿಡಿದರು, ಬಾಯಿಗಲ್ಲ, ಕಣ್ಣಿಗೆ. "ಅಮ್ಮಾ, ನಾನು ಹಲ್ಲಿನ ಡಾಕ್ಟ್ರು. ಆದ್ರೂ ಪೊರೆ ಬಂದಿರೋದು ನನಗೇ ಕಾಣ್ತೈತೆ. ಸಣ್ಣ ಆಪರೇಷನ್ನು, ಮಾಡಿಸ್ಕಳ್ರಿ."

"ಆಪರೇಷನ್ ಆದ್ಮೇಲೆ ಬಣ್ಣ ಬ್ಯಾರೆ ಕಾಣ್ತಾವಂತೆ," ಎಂದರು ಅತ್ತೆ ನನಗೆ, ಅವರು ಒಳಗೆ ಹೋದ ಮೇಲೆ. "ಮಾಡಿಸ್ಕಂಡೋರು ಹೇಳ್ತಾರೆ. ನಲವತ್ತು ವರ್ಷ ತಲೇಲಿ ಇಟ್ಕಂಡಿರೋ ಬಣ್ಣ ಎಲ್ಲಾ ಸುಳ್ಳಾದ್ರೆ ನಾನು ಯಾವ ಮುಖ ಇಟ್ಕಂಡು ಆ ಅಂಗಡೀಲಿ ಕೂರ್ಲಿ?"

ನಾನು ಅಂದು ಅದೇ ಕುರ್ತಾ ಹಾಕಿದ್ದೆ.

"ಅತ್ತೆ, ನಾನು ಹಾಕಿರೋದು ಯಾವ ಬಣ್ಣ?"

"ಅದೇ ನಿನ್ನ ಕರೀದು."

"ನೀಲಿ. ನೀವು ಕರೀದು ಅಂದಾಗೆಲ್ಲ ಇದು ನೀಲೀನೇ ಇತ್ತು. ನಾನು ಹೇಳ್ಲಿಲ್ಲ. ತಪ್ಪು ನನ್ನದು. ನೀವೂ ಕಣ್ಣಿನ ವಿಷಯ ಯಾರಿಗೂ ಹೇಳ್ಲಿಲ್ಲ."

ಅತ್ತೆ ನನ್ನ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು, ಬಣ್ಣ ಕೈಗೆ ಸಿಗುತ್ತದೆಯೇನೋ ಎಂಬಂತೆ. ಬಿಟ್ಟರು. "ಯಾವತ್ತು ಹೋಗಾಣ?" ಎಂದರು.

ಬಲಗಣ್ಣಿಗೆ ಮೊದಲು ಆಯಿತು. ಪಟ್ಟಿ ಬಿಚ್ಚಿದ ಮೇಲೂ ಕೆಲವು ದಿನ ಕಪ್ಪು ಕನ್ನಡಕ, ಗಂಟೆಗಂಟೆಗೆ ಹನಿ, ಬಸ್ಸು ಬೇಡ, ಧೂಳು ಬೇಡ. ಹೊನ್ನಾಳಿಯಂತೂ ದೂರದ ಮಾತು. ಅತ್ತೆ ನಡುಮನೆಯಲ್ಲಿ ಕೂತು ಚಡಪಡಿಸಿದರು. ಲೆಕ್ಕ ನೋಡದೆ ಅವರಿಗೆ ಕಣ್ಣು ಬಂತೆಂಬ ನಂಬಿಕೆಯೇ ಇಲ್ಲ! ಮಾವ ತಮ್ಮ ಮುಖವನ್ನು ಎಣಿಸಿ ನೋಡಲು ಹೇಳಿದರು. ಅತ್ತೆ ನೋಡಿ, "ನಾಲ್ಕಾಗ್ಯಾವೆ. ಸುಕ್ಕಿನ ನೆರಳು ಕಂಡಿರ್ಲಿಲ್ಲ," ಎಂದರು. ಮಾವ ಮತ್ತೆ ಆ ಮಾತೆತ್ತಲಿಲ್ಲ.

ಅವರ ಕಣ್ಣು ಕಲಿಯದೇ ಇರುವ ಚಿತ್ರವೊಂದು ಬೇಕಿತ್ತು. ಅದು ಎಲ್ಲಿತ್ತೆಂದು ನನಗೊಬ್ಬಳಿಗೇ ಗೊತ್ತಿತ್ತು. ಲೆಕ್ಕ ತಪ್ಪಿದ್ದ ಆ ಒಂದನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ದಿನಪತ್ರಿಕೆಯಲ್ಲಿ ಸುತ್ತಿ ತಂದೆ. ಸೂಳೆಕೆರೆಯ ಏರಿಯ ಮೇಲೆ ನಿಂತು ಒಂದು ಬೆಳಿಗ್ಗೆ ತೆಗೆದದ್ದು: ಗುಡ್ಡಗಳ ನಡುವೆ ಹರಡಿದ ನೀರು, ದೂರದಲ್ಲಿ ಒಂದು ತೆಪ್ಪ. ಅವರ ತೊಡೆಯ ಮೇಲಿಟ್ಟು ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ.

ಅತ್ತೆ ಕಪ್ಪು ಕನ್ನಡಕವನ್ನು ಹಣೆಗೇರಿಸಿ, ಎಡಗಣ್ಣನ್ನು ಕೈಯಿಂದ ಮುಚ್ಚಿಕೊಂಡು ಎಣಿಸಿದರು. ಹನ್ನೊಂದರ ಹತ್ತಿರ ದನಿ ತಗ್ಗಿತು. ಹನ್ನೆರಡು ದಾಟಿತು. ಹದಿನೇಳಕ್ಕೆ ಒಂದು ಕ್ಷಣ ನಿಂತರು. ಮತ್ತೆ ಮುಂದುವರಿದರು. ಇಪ್ಪತ್ತು. ಇಪ್ಪತ್ತೆರಡು.

"ಯಾವ ಅಂಗಡೀದೇ ಇದು?"

"ಅಂಗಡೀದಲ್ಲ."

ಅತ್ತೆ ಎಡಗಣ್ಣಿನ ಮೇಲಿನ ಕೈ ತೆಗೆದು ನನ್ನನ್ನೇ ನೋಡಿದರು. "ಎಷ್ಟು ವರ್ಷದ್ದು?"

"ಆರು."

"ನಾನು ಎರಡು ವರ್ಷ ಮುಚ್ಚಿಟ್ಟಿದ್ದಕ್ಕೆ ಹೊನ್ನಾಳೀಲಿ ಬುದ್ಧಿ ಹೇಳಿದ್ಯಲ್ಲೇ, ನೀನು ಆರು ವರ್ಷ ಮುಚ್ಚಿಟ್ಟಿದ್ಯಾ."

ಅತ್ತೆ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ಎದ್ದರು, ನಿಧಾನವಾಗಿ ನಡುಮನೆ ದಾಟಿದರು, ಹೊಸ್ತಿಲು ದಾಟಿದರು. ನಲವತ್ತು ವರ್ಷ ಯಾವುದನ್ನೂ ಬಿಸಿಲಿಗೆ ಹಿಡಿಯದ ನಮ್ಮ ಅತ್ತೆ, ಬೀದಿಯಲ್ಲಿ ಹೋಗುವವರೆಲ್ಲ ನೋಡುವಂತೆ, ನನ್ನ ಚಿತ್ರವನ್ನು ಬಿಸಿಲಿಗೆ ಹಿಡಿದರು.

"ಇಲ್ಲಿ ಮೂಲೇಲಿ ಇನ್ನೊಂದೈತೆ ಬಾರೇ," ಎಂದು ಅಲ್ಲಿಂದಲೇ ಕರೆದರು. "ಒಳಗೆ ಕಂಡಿರ್ಲಿಲ್ಲ."

ಹೋಗಿ ಪಕ್ಕದಲ್ಲಿ ನಿಂತೆ. ಇಬ್ಬರೂ ಮೊದಲಿನಿಂದ ಎಣಿಸತೊಡಗಿದೆವು.